ತಲುಪದ ಪತ್ರಗಳ ಶೋಧ

ಪತ್ರವ್ಯವಹಾರವು ದೂರದಲ್ಲಿರುವವರನ್ನು ಹತ್ತಿರಕ್ಕೆ ತರುವ ಸಾಧನವೆಂಬುದು ಸರ್ವವಿದಿತವಾದ ಸಂಗತಿ. ಹೊಳೆಯ ಮೇಲಣ ಸೇತುವೆ ಕುಸಿದರೆ ಎರಡು ದಡದವರಿಗೂ ಅದು ಕಾಣುತ್ತದೆ. ಪತ್ರವೊಂದು ನಡುದಾರಿಯಲ್ಲಿ ಕಳೆದುಹೋದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬರೆದವನು ಉತ್ತರದ ಹಾದಿ ನೋಡುತ್ತಿರುತ್ತಾನೆ. ಓದಬೇಕಾದವನಿಗೆ ಪತ್ರ ಹೊರಟ ಸುದ್ದಿಯೇ ತಿಳಿದಿರುವುದಿಲ್ಲ. ನಡುವಣ ಮೌನಕ್ಕೆ ಇಬ್ಬರೂ ತಮತಮಗೆ ತೋಚಿದ ಅರ್ಥವನ್ನು ಹಚ್ಚುತ್ತಾರೆ. ಆ ಅರ್ಥ ತಪ್ಪಾದಾಗ ಕೆಡುವುದು ಯಂತ್ರವಲ್ಲ, ಸಂಬಂಧ.

ಇಂದು ಅನೇಕ ವಿದ್ಯಾಸಂಸ್ಥೆಗಳು ಸ್ವಂತ ಜಾಲತಾಣಗಳನ್ನು ಹೊಂದಿವೆ. ಅವುಗಳಲ್ಲಿ ‘ಸಂಪರ್ಕಿಸಿ’ ಎಂಬ ಪುಟವೊಂದಿದ್ದು, ಹೆಸರು, ಇ-ಮೇಲ್ ವಿಳಾಸ, ಒಕ್ಕಣೆ ಇವುಗಳನ್ನು ತುಂಬಲು ಅಲ್ಲಿ ಒಂದು ನಮೂನೆ ಇರುತ್ತದೆ. ಪ್ರವೇಶವನ್ನು ಬಯಸುವ ಪೋಷಕರು, ಪ್ರಮಾಣಪತ್ರದ ನಕಲು ಬೇಕಾದ ಹಳೆಯ ವಿದ್ಯಾರ್ಥಿಗಳು, ದತ್ತಿಯನ್ನು ಸ್ಥಾಪಿಸಬಯಸುವ ದಾನಿಗಳು ಈ ನಮೂನೆಯ ಮೂಲಕವೇ ಸಂಸ್ಥೆಯ ಬಾಗಿಲನ್ನು ತಟ್ಟುತ್ತಾರೆ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಪರದೇಶದಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ತಂದೆಯ ಸ್ಮರಣಾರ್ಥವಾಗಿ, ತಾನು ಓದಿದ ಶಾಲೆಯಲ್ಲಿ ಬಹುಮಾನ ದತ್ತಿಯೊಂದನ್ನು ಇಡಬೇಕೆಂದು ಸಂಕಲ್ಪಿಸುತ್ತಾನೆ. ಜಾಲತಾಣದ ನಮೂನೆಯನ್ನು ತುಂಬಿ ಗುಂಡಿಯನ್ನು ಒತ್ತುತ್ತಾನೆ. ಕೂಡಲೇ ಹಸಿರು ಅಕ್ಷರಗಳಲ್ಲಿ “ನಿಮ್ಮ ಸಂದೇಶ ತಲುಪಿತು, ಧನ್ಯವಾದಗಳು” ಎಂಬ ಮಾತು ಮೂಡುತ್ತದೆ. ಒಂದು ತಿಂಗಳು ಕಳೆಯುತ್ತದೆ, ಎರಡು ತಿಂಗಳು ಕಳೆಯುತ್ತದೆ. ತನ್ನನ್ನು ಬೆಳೆಸಿದ ಶಾಲೆಗೆ ತಾನು ಬೇಡವಾದೆನೆಂದು ಆತ ನೊಂದುಕೊಳ್ಳುತ್ತಾನೆ. ಇತ್ತ ಕಚೇರಿಯ ಗುಮಾಸ್ತರು ದಿನಂಪ್ರತಿ ಬೆಳಿಗ್ಗೆ ಇ-ಮೇಲ್ ಪೆಟ್ಟಿಗೆಯನ್ನು ತಪ್ಪದೆ ತೆರೆದು ನೋಡುತ್ತಾರೆ. ಅಲ್ಲಿ ಏನೂ ಇರುವುದಿಲ್ಲ. ಹಳೆಯ ವಿದ್ಯಾರ್ಥಿಗಳು ಶಾಲೆಯನ್ನು ಮರೆತರೆಂದು ಆಡಳಿತ ಮಂಡಳಿಯ ಸಭೆಯಲ್ಲಿ ವಿಷಾದ ವ್ಯಕ್ತವಾಗುತ್ತದೆ. ಇಬ್ಬರಲ್ಲಿ ಒಬ್ಬರೂ ತಪ್ಪಿತಸ್ಥರಲ್ಲ. ಹಾಗಾದರೆ ಪತ್ರ ಎಲ್ಲಿ ಹೋಯಿತು? ಅದನ್ನು ಹುಡುಕುವ ಕ್ರಮವೇನು? ಇಂಥ ಲೋಪ ಮರುಕಳಿಸದಂತೆ ಮಾಡುವುದೆಂತು?

ಪತ್ರ ಸಾಗುವ ಮಾರ್ಗ

ಒಂದು ಗಣಕಯಂತ್ರದಿಂದ ಮತ್ತೊಂದಕ್ಕೆ ಜಾಲದ ಮೂಲಕ ಪತ್ರವನ್ನು ಕಳುಹಿಸುವ ಕ್ರಮವನ್ನು ಅಮೆರಿಕದ ರೇ ಟಾಮ್ಲಿನ್‌ಸನ್ 1971ರಲ್ಲಿ ಸಾಧಿಸಿ ತೋರಿಸಿದರು. ವ್ಯಕ್ತಿಯ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು ‘ಆಟ್’ ಎಂಬ ಚಿಹ್ನೆಯನ್ನು ಆರಿಸಿದವರೂ ಅವರೇ. ಇಂಥ ಪತ್ರಗಳು ಯಂತ್ರದಿಂದ ಯಂತ್ರಕ್ಕೆ ಹೇಗೆ ಸಾಗಬೇಕೆಂಬ ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ 1982ರಲ್ಲಿ ಪ್ರಕಟಿಸಿದರು. ಹಲವು ಪರಿಷ್ಕರಣಗಳನ್ನು ಕಂಡಿದ್ದರೂ ಜಗತ್ತಿನ ಇ-ಮೇಲ್ ವ್ಯವಹಾರ ಇಂದಿಗೂ ಆ ತಳಹದಿಯ ಮೇಲೆಯೇ ನಿಂತಿದೆ. ಅದು ಪರಸ್ಪರ ಪರಿಚಿತರಾದ ವಿದ್ವಾಂಸರ ಸಣ್ಣ ಬಳಗಕ್ಕಾಗಿ ರಚಿತವಾದುದು. ಆದಕಾರಣ ಪತ್ರ ಬರೆದವನು ತನ್ನ ಹೆಸರನ್ನು ಏನೆಂದು ಹೇಳಿಕೊಂಡರೂ ನಂಬುವ ಸ್ವಭಾವ ಅದಕ್ಕೆ ಹುಟ್ಟಿನಿಂದಲೇ ಬಂದಿತು. ಮುಂದಿನ ತೊಡಕುಗಳಿಗೆಲ್ಲ ಇದೇ ಮೂಲ.

ಜಾಲತಾಣದ ನಮೂನೆಯಿಂದ ಹೊರಟ ಪತ್ರವು ನಾಲ್ಕು ಘಟ್ಟಗಳನ್ನು ದಾಟಬೇಕು. ಮೊದಲನೆಯದಾಗಿ, ಬರೆದವನ ಮೊಬೈಲ್ ಅಥವಾ ಕಂಪ್ಯೂಟರಿನಿಂದ ಒಕ್ಕಣೆಯು ಜಾಲತಾಣವನ್ನು ಹೊತ್ತಿರುವ ಸರ್ವರ್ ಯಂತ್ರವನ್ನು ಸೇರುತ್ತದೆ. ಎರಡನೆಯದಾಗಿ, ಜಾಲತಾಣದ ತಂತ್ರಾಂಶವು ಅದನ್ನು ಇ-ಮೇಲ್ ರೂಪಕ್ಕೆ ತಂದು, ಪತ್ರ ರವಾನಿಸುವ ಮತ್ತೊಂದು ತಂತ್ರಾಂಶದ ಕೈಗೆ ಕೊಡುತ್ತದೆ. ಮೂರನೆಯದಾಗಿ, ರವಾನೆಯ ತಂತ್ರಾಂಶವು ಡಿಎನ್‌ಎಸ್ ಎಂಬ ಸಾರ್ವಜನಿಕ ವಿಳಾಸಕೋಶದಲ್ಲಿ, ಪತ್ರ ಸೇರಬೇಕಾದ ಸಂಸ್ಥೆಯ ಅಂಚೆಯನ್ನು ಸ್ವೀಕರಿಸುವ ಯಂತ್ರ ಯಾವುದೆಂದು ವಿಚಾರಿಸಿ, ಅದರ ಬಾಗಿಲಿಗೆ ಪತ್ರವನ್ನು ಒಯ್ಯುತ್ತದೆ. ನಾಲ್ಕನೆಯದಾಗಿ, ಆ ಯಂತ್ರವು ಪತ್ರವನ್ನು ಪರೀಕ್ಷಿಸಿ, ಮುಖ್ಯ ಪೆಟ್ಟಿಗೆಗೆ ಹಾಕುವುದೋ, ಸ್ಪ್ಯಾಮ್ ಎಂಬ ಕಸದ ಪೆಟ್ಟಿಗೆಗೆ ದೂಡುವುದೋ, ಬಾಗಿಲಲ್ಲೇ ತಿರಸ್ಕರಿಸುವುದೋ ಎಂದು ತೀರ್ಮಾನಿಸುತ್ತದೆ. ಈ ನಾಲ್ಕರಲ್ಲಿ ಯಾವ ಘಟ್ಟದಲ್ಲಾದರೂ ಪತ್ರ ನಿಲ್ಲಬಹುದು. ದೋಷವನ್ನು ಹುಡುಕುವುದೆಂದರೆ ಅದು ಯಾವ ಘಟ್ಟದಲ್ಲಿ ನಿಂತಿತೆಂದು ಅರಿಯುವುದೇ ಆಗಿದೆ.

‘ತಲುಪಿತು’ ಎಂಬ ಕ್ರಿಯಾಪದ

ನಮೂನೆಯ ಕೆಳಗೆ ಮೂಡುವ “ತಲುಪಿತು” ಎಂಬ ಮಾತನ್ನು ವ್ಯಾಕರಣದ ದೃಷ್ಟಿಯಿಂದ ಪರಿಶೀಲಿಸಿದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಅದು ಭೂತಕಾಲದ ಕ್ರಿಯಾಪದ. ಕ್ರಿಯೆ ಮುಗಿದಿದೆಯೆಂದು ಸಾರುತ್ತದೆ. ವಾಸ್ತವದಲ್ಲಿ ಮುಗಿದಿರುವುದು ಎರಡನೆಯ ಘಟ್ಟ ಮಾತ್ರ. ಬಹುಸಂಖ್ಯೆಯ ಜಾಲತಾಣಗಳು ಪಿಎಚ್‌ಪಿ ಎಂಬ ಗಣಕಭಾಷೆಯಲ್ಲಿ ರಚಿತವಾಗಿವೆ. ಆ ಭಾಷೆಯಲ್ಲಿ ಪತ್ರ ಕಳುಹಿಸುವ ಆಜ್ಞೆಯು ‘ಸರಿ’ ಎಂದು ಉತ್ತರಿಸಿದರೆ, ರವಾನೆಯ ತಂತ್ರಾಂಶವು ಪತ್ರವನ್ನು ಕೈಗೆ ತೆಗೆದುಕೊಂಡಿತೆಂದಷ್ಟೇ ಅರ್ಥ. ಪತ್ರ ಸೇರಬೇಕಾದ ಸ್ಥಳವನ್ನು ಸೇರಿತೆಂದು ಅರ್ಥವಲ್ಲ. ಅಂಚೆಯ ಕೆಂಪು ಡಬ್ಬಕ್ಕೆ ಪತ್ರ ಹಾಕಿದವನು ಮನೆಗೆ ಬಂದು “ಪತ್ರ ಮುಟ್ಟಿತು” ಎಂದಂತೆ ಇದು. “ನಿಮ್ಮ ಸಂದೇಶವನ್ನು ರವಾನೆಗೆ ಒಪ್ಪಿಸಲಾಗಿದೆ, ಏಳು ದಿನಗಳಲ್ಲಿ ಉತ್ತರ ಬಾರದಿದ್ದರೆ ಕಚೇರಿಗೆ ದೂರವಾಣಿ ಮಾಡಿರಿ” ಎಂದು ಬರೆದರೆ ಮಾತು ಸತ್ಯವೂ ಆಗುತ್ತದೆ, ಉಪಕಾರಿಯೂ ಆಗುತ್ತದೆ.

ಮೂರನೆಯ ಘಟ್ಟದಲ್ಲಿ ಎರಡು ಯಂತ್ರಗಳು ಅಂಕೆಗಳಲ್ಲಿ ಸಂಭಾಷಿಸುತ್ತವೆ. ಒಕ್ಕಣೆಯನ್ನೆಲ್ಲ ಒಪ್ಪಿಸಿದ ಮೇಲೆ ಸ್ವೀಕರಿಸುವ ಯಂತ್ರವು 250 ಎಂದರೆ, ಪತ್ರದ ಹೊಣೆಯನ್ನು ತಾನು ವಹಿಸಿಕೊಂಡೆನೆಂದು ತಾತ್ಪರ್ಯ. ನಾಲ್ಕರಿಂದ ಆರಂಭವಾಗುವ ಅಂಕೆಯು “ಈಗ ಆಗದು, ಮತ್ತೆ ಬಾ” ಎಂಬ ತಾತ್ಕಾಲಿಕ ನಿರಾಕರಣೆ. ರವಾನೆಯ ಯಂತ್ರವು ಇಂಥ ಪತ್ರವನ್ನು ಒಡನೆಯೇ ಬಿಸಾಡದೆ, ನಾಲ್ಕೈದು ದಿನಗಳವರೆಗಾದರೂ ಮರಳಿ ಮರಳಿ ಯತ್ನಿಸಬೇಕೆಂಬುದು ನಿಯಮಾವಳಿಯ ಸೂಚನೆ. ಐದರಿಂದ ಆರಂಭವಾಗುವ 550 ಮೊದಲಾದ ಅಂಕೆಗಳು ಶಾಶ್ವತ ನಿರಾಕರಣೆಯನ್ನು ಸೂಚಿಸುತ್ತವೆ. ಈ ಸಂಭಾಷಣೆಯೆಲ್ಲ ರವಾನೆಯ ಯಂತ್ರದ ದಿನಚರಿಯಲ್ಲಿ ದಾಖಲಾಗುತ್ತದೆ; ಅದಕ್ಕೆ ‘ಲಾಗ್’ ಎಂದು ಹೆಸರು.

ಲಕೋಟೆಯ ಹೆಸರು, ಒಕ್ಕಣೆಯ ಹೆಸರು

ಕಾಗದದ ಪತ್ರದಂತೆಯೇ ಇ-ಮೇಲಿಗೂ ಒಂದು ಲಕೋಟೆಯುಂಟು. ಲಕೋಟೆಯ ಮೇಲೆ ಕಳುಹಿಸಿದವನ ವಿಳಾಸ ಒಂದಿರುತ್ತದೆ. ಒಳಗಣ ಪತ್ರದ ತಲೆಯಲ್ಲಿ ‘ಇಂದ’ ಎಂದು ಬರೆದ ವಿಳಾಸ ಮತ್ತೊಂದಿರುತ್ತದೆ. ಓದುವವನಿಗೆ ಕಾಣುವುದು ಎರಡನೆಯದು ಮಾತ್ರ. ನಿರಾಕೃತ ಪತ್ರ ಹಿಂದಿರುಗುವುದು ಲಕೋಟೆಯ ಮೇಲಣ ವಿಳಾಸಕ್ಕೆ. ನಮೂನೆಯ ಪತ್ರಗಳಲ್ಲಿ ಲಕೋಟೆಯ ವಿಳಾಸವು ಸಾಮಾನ್ಯವಾಗಿ ಸರ್ವರ್ ಯಂತ್ರದ್ದೇ ಆಗಿರುವುದರಿಂದ, ಹಿಂದಿರುಗಿದ ಪತ್ರವು ಯಾರೂ ತೆರೆಯದ ಪೆಟ್ಟಿಗೆಯಲ್ಲಿ ಬೀಳುತ್ತದೆ. ಸಂಸ್ಥೆಗೂ ಬರೆದವನಿಗೂ ನಿರಾಕರಣೆಯ ಸುದ್ದಿ ಮುಟ್ಟದಿರಲು ಇದೇ ಕಾರಣ.

ಎರಡು ಹೆಸರುಗಳಲ್ಲಿ ಯಾವುದನ್ನಾದರೂ ಸುಳ್ಳಾಗಿ ಬರೆಯಬಹುದಾಗಿದ್ದುದರಿಂದ ವಂಚಕರು ಇನ್ನೊಬ್ಬರ ಹೆಸರಿನಲ್ಲಿ ಪತ್ರಗಳನ್ನು ಕಳುಹಿಸತೊಡಗಿದರು. ಇದನ್ನು ತಡೆಯಲು ಕ್ರಮೇಣ ಮೂರು ಉಪಾಯಗಳು ರೂಢಿಗೆ ಬಂದವು. ಮೊದಲನೆಯದು ಎಸ್‌ಪಿಎಫ್, ಇದರ ವಿವರಣೆ 2006ರಲ್ಲಿ ಪ್ರಕಟವಾಯಿತು. “ನಮ್ಮ ಹೆಸರಿನ ಲಕೋಟೆಗಳನ್ನು ತರಲು ಇಂಥಿಂಥ ಯಂತ್ರಗಳಿಗೆ ಮಾತ್ರ ಅಧಿಕಾರವಿದೆ” ಎಂದು ಸಂಸ್ಥೆಯು ಸಾರ್ವಜನಿಕ ವಿಳಾಸಕೋಶದಲ್ಲಿ ಬರೆದಿಡುವ ಪಟ್ಟಿ ಇದು. ಎರಡನೆಯದು ಡಿಕಿಮ್, 2007ರಲ್ಲಿ ಪ್ರಕಟವಾದುದು. ಓಲೆಗೆ ಅರಗಿನ ಮುದ್ರೆಯನ್ನು ಒತ್ತುವಂತೆ ಇದು ಪತ್ರಕ್ಕೆ ಗಣಿತದ ಮುದ್ರೆಯನ್ನು ಒತ್ತುತ್ತದೆ. ಮುದ್ರೆಗೊಳಪಟ್ಟ ಭಾಗವನ್ನು ದಾರಿಯಲ್ಲಿ ತಿದ್ದಿದರೆ ಮುದ್ರೆ ಒಡೆಯುತ್ತದೆ. ಮೂರನೆಯದು ಡಿಮಾರ್ಕ್, 2012ರಲ್ಲಿ ಬಳಕೆಗೆ ತೆರೆದು, 2015ರಲ್ಲಿ ಸವಿಸ್ತಾರವಾಗಿ ಪ್ರಕಟವಾಯಿತು. ಇದು ಮೊದಲೆರಡನ್ನು ಒಂದುಗೂಡಿಸಿ, ಲಕೋಟೆ ಅಥವಾ ಮುದ್ರೆಯಲ್ಲಿ ಸಾಬೀತಾದ ಹೆಸರು ಓದುಗನಿಗೆ ಕಾಣುವ ಹೆಸರಿನೊಡನೆ ಹೊಂದಬೇಕೆಂದು ವಿಧಿಸುತ್ತದೆ. ಹೊಂದದ ಪತ್ರಗಳನ್ನು ಸುಮ್ಮನೆ ಬಿಟ್ಟು ವರದಿ ಮಾಡಬೇಕೆ, ಬೇರೆಯಾಗಿ ಇಡಬೇಕೆ, ತಿರಸ್ಕರಿಸಬೇಕೆ ಎಂಬ ಮೂರು ಆಜ್ಞೆಗಳಲ್ಲಿ ಒಂದನ್ನು ಸಂಸ್ಥೆಯೇ ಆರಿಸಿಕೊಳ್ಳಬಹುದು.

ಹಳಗನ್ನಡದಲ್ಲಿ ‘ಅಂಚೆ’ ಎಂದರೆ ಹಂಸಪಕ್ಷಿ. ಹಂಸ ಶಬ್ದದ ತದ್ಭವ. ಹಾಲನ್ನೂ ನೀರನ್ನೂ ಬೇರ್ಪಡಿಸಬಲ್ಲುದೆಂದು ಕವಿಸಮಯದಲ್ಲಿ ಪ್ರಸಿದ್ಧವಾದ ಆ ಪಕ್ಷಿಯ ಕೆಲಸವನ್ನೇ ಇಂದು ಸ್ವೀಕರಿಸುವ ಯಂತ್ರಗಳು ಮಾಡುತ್ತಿವೆ. ಆದರೆ ನೀರೆಂದು ತೋರುವಂತೆ ಬಂದ ಹಾಲನ್ನು ಅವು ಚೆಲ್ಲಿಬಿಡುವುದೂ ಉಂಟು.

ಅರಿಯದೆ ನಡೆಯುವ ಪರನಾಮಲೇಖನ

ಹೀಗೆ ಚೆಲ್ಲಿಹೋಗುವ ಪತ್ರಗಳಲ್ಲಿ ನಮೂನೆಯ ಪತ್ರಗಳಿಗೆ ದೊಡ್ಡ ಪಾಲಿದೆ. ಉತ್ತರ ಬರೆಯಲು ಅನುಕೂಲವಾಗಲೆಂದು ಅನೇಕ ನಮೂನೆಗಳಲ್ಲಿ, ತುಂಬಿದವನ ವಿಳಾಸವನ್ನೇ ‘ಇಂದ’ ಎಂಬಲ್ಲಿ ಬರೆಯುವ ಏರ್ಪಾಡಿತ್ತು. ಪತ್ರ ನಿಜವಾಗಿ ಹೊರಡುವುದು ಶಾಲೆಯ ಜಾಲತಾಣದ ಯಂತ್ರದಿಂದ. ಹೇಳಿಕೊಳ್ಳುವುದು ಪರರ ಹೆಸರನ್ನು. ಸದುದ್ದೇಶವಿದ್ದರೂ ಸ್ವೀಕರಿಸುವ ಯಂತ್ರದ ದೃಷ್ಟಿಯಲ್ಲಿ ಇದು ಕಳ್ಳರುಜುವಿಗೆ ಸಮಾನ.

2014ರ ಏಪ್ರಿಲ್‌ನಲ್ಲಿ ಯಾಹೂ ಸಂಸ್ಥೆಯು, ತನ್ನ ಹೆಸರಿನ ವಿಳಾಸಗಳಿಂದ ಬಂದಂತೆ ತೋರಿಯೂ ಡಿಮಾರ್ಕ್ ಪರೀಕ್ಷೆಯಲ್ಲಿ ಸೋತ ಪತ್ರಗಳನ್ನು ತಿರಸ್ಕರಿಸಬೇಕೆಂದು ಘೋಷಿಸಿತು. ಎಒಎಲ್ ಸಂಸ್ಥೆಯೂ ಅದೇ ತಿಂಗಳು ಅದನ್ನು ಅನುಸರಿಸಿತು. ಅಲ್ಲಿಂದ ಮುಂದೆ, ಹಿಂದಿನ ದಿನದವರೆಗೆ ಸರಿಯಾಗಿ ನಡೆಯುತ್ತಿದ್ದ ನಮೂನೆಗಳಲ್ಲಿಯೂ ಆ ವಿಳಾಸದವರು ಬರೆದ ಪತ್ರಗಳು ಮಾತ್ರ ಮಾಯವಾಗತೊಡಗಿದವು. ಬೇರೆಯವರ ಪತ್ರಗಳು ಬರುತ್ತಲೇ ಇರುವುದರಿಂದ ಯಾರಿಗೂ ಸಂಶಯ ಮೂಡುವುದಿಲ್ಲ. ಎಲ್ಲವೂ ನಿಂತಾಗ ದೋಷ ಬೇಗ ತಿಳಿಯುತ್ತದೆ. ಕೆಲವು ಮಾತ್ರ ನಿಂತಾಗ ವರ್ಷಗಳೇ ಉರುಳುತ್ತವೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ನಿಯಮಗಳನ್ನು ಇನ್ನಷ್ಟು ಬಿಗಿಗೊಳಿಸಿದವು. ಜಿಮೇಲ್ ವಿಳಾಸಗಳಿಗೆ ಪತ್ರ ಕಳುಹಿಸುವವರು ಎಸ್‌ಪಿಎಫ್ ಅಥವಾ ಡಿಕಿಮ್ ಇವೆರಡರಲ್ಲಿ ಒಂದನ್ನಾದರೂ ಹೊಂದಿರಬೇಕು. ದಿನಕ್ಕೆ 5,000ಕ್ಕೂ ಮಿಗಿಲಾಗಿ ಕಳುಹಿಸುವವರು ಮೂರನ್ನೂ ಹೊಂದಿರಬೇಕು. ಶಾಲೆಯೊಂದು ಎರಡನೆಯ ವರ್ಗಕ್ಕೆ ಸೇರದಿದ್ದರೂ ಮೊದಲನೆಯ ವಿಧಿ ಅದಕ್ಕೆ ತಪ್ಪಿದ್ದಲ್ಲ.

ಪರಿಹಾರ ಸರಳವಾಗಿದೆ. ‘ಇಂದ’ ಎಂಬಲ್ಲಿ ಸಂಸ್ಥೆಯ ಸ್ವಂತ ಡೊಮೇನಿನ ವಿಳಾಸವೇ ಇರಬೇಕು. ನಮೂನೆ ತುಂಬಿದವನ ವಿಳಾಸವನ್ನು ‘ರಿಪ್ಲೈ-ಟು’ ಎಂಬ ಉತ್ತರದ ವಿಳಾಸದ ಸಾಲಿನಲ್ಲಿ ಇಡಬೇಕು. ಆಗ ಗುಮಾಸ್ತರು ಉತ್ತರಿಸುವ ಗುಂಡಿಯನ್ನು ಒತ್ತಿದೊಡನೆ ಪತ್ರವು ಬರೆದವನಿಗೇ ಹೋಗುತ್ತದೆ. ಪರರ ಹೆಸರನ್ನು ಹೇಳಿಕೊಂಡ ದೋಷವೂ ಉಳಿಯುವುದಿಲ್ಲ.

ಶೋಧದ ಕ್ರಮ

ದೋಷಪರಿಶೋಧನೆಯಲ್ಲಿ ಊಹೆಗಿಂತ ಕ್ರಮವೇ ಮೇಲು. ಮೊದಲು ಸ್ಪ್ಯಾಮ್ ಪೆಟ್ಟಿಗೆಯನ್ನು ನೋಡಬೇಕು. ಅಲ್ಲಿ ಪತ್ರ ಸಿಕ್ಕಿದರೆ ನಾಲ್ಕನೆಯ ಘಟ್ಟದವರೆಗೆ ಮಾರ್ಗ ಸರಿಯಾಗಿದೆಯೆಂದು ತಿಳಿಯಿತು. ಬಳಿಕ ನಮೂನೆಯ ಸಿದ್ಧತೆಯಲ್ಲಿ ಬರೆದಿರುವ ಸ್ವೀಕರಿಸುವವರ ವಿಳಾಸವನ್ನು ಅಕ್ಷರಶಃ ಓದಬೇಕು. ನಿವೃತ್ತರಾದ ಗುಮಾಸ್ತರ ಖಾಸಗಿ ವಿಳಾಸವೋ, ಒಂದಕ್ಷರ ತಪ್ಪಿದ ವಿಳಾಸವೋ, ತುಂಬಿಹೋದ ಪೆಟ್ಟಿಗೆಯೋ ಅಲ್ಲಿರುವುದು ಅಪರೂಪವಲ್ಲ.

ತರುವಾಯ ಪರೀಕ್ಷಾಪತ್ರಗಳನ್ನು ಕಳುಹಿಸಬೇಕು. ನಮೂನೆಯಲ್ಲಿ ಶಾಲೆಯದೇ ವಿಳಾಸವನ್ನು ತುಂಬಿ ಪರೀಕ್ಷಿಸಿದರೆ ಸಾಲದು. ಬೇರೆ ಬೇರೆ ಸಂಸ್ಥೆಗಳ ಎರಡು ಮೂರು ವಿಳಾಸಗಳನ್ನು ತುಂಬಿ, ಪ್ರತಿಯೊಂದರ ವೇಳೆಯನ್ನು ಬರೆದಿಟ್ಟುಕೊಳ್ಳಬೇಕು. ಆ ವೇಳೆಯನ್ನು ಆಧರಿಸಿ ಲಾಗನ್ನು ಪರಿಶೀಲಿಸಬೇಕು. ಲಾಗಿನಲ್ಲಿ ಪತ್ರದ ಸುಳಿವೇ ಇಲ್ಲದಿದ್ದರೆ ಅದು ಎರಡನೆಯ ಘಟ್ಟವನ್ನೇ ದಾಟಿಲ್ಲ. ಐದರ ಅಂಕೆಯಿದ್ದರೆ ನಿರಾಕರಣೆಯ ಕಾರಣ ಅದರ ಪಕ್ಕದಲ್ಲೇ ಬರೆದಿರುತ್ತದೆ. 250 ಇದ್ದರೆ ಶೋಧವು ಸ್ವೀಕರಿಸುವವರ ಕಡೆಗೆ ತಿರುಗಬೇಕು.

ತಲುಪಿದ ಪತ್ರವೊಂದು ಸಿಕ್ಕಿದರೆ ಅದರ ಮೂಲರೂಪವನ್ನು ತೆರೆಯಬೇಕು. ಜಿಮೇಲಿನಲ್ಲಿ ‘ಷೋ ಒರಿಜಿನಲ್’ ಎಂಬ ಸೂಚನೆಯನ್ನು ಆರಿಸಿದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಪರೀಕ್ಷೆಗಳ ಫಲಿತಾಂಶ ಮೇಲ್ಭಾಗದಲ್ಲಿಯೇ ಕಾಣುತ್ತದೆ. ಪತ್ರವು ಹಾದುಬಂದ ಯಂತ್ರಗಳ ಮೊಹರುಗಳೂ ಅಲ್ಲಿರುತ್ತವೆ; ಹೊಸ ಮೊಹರು ಮೇಲೆ ಬೀಳುವುದರಿಂದ ಪಯಣದ ಕಥೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು.

ಎಸ್‌ಪಿಎಫ್ ಪಟ್ಟಿಯಲ್ಲಿ ಎರಡು ದೋಷಗಳು ಸಾಮಾನ್ಯ. ಒಂದು ಡೊಮೇನಿಗೆ ಒಂದೇ ಪಟ್ಟಿ ಇರತಕ್ಕದ್ದು. ಹೊಸ ಸೇವೆಯನ್ನು ಸೇರಿಸುವಾಗ ಹಳೆಯದನ್ನು ತಿದ್ದದೆ ಎರಡನೆಯ ಪಟ್ಟಿಯನ್ನು ಬರೆದರೆ ಎರಡೂ ಅಸಿಂಧುವಾಗುತ್ತವೆ. ಜಾಲತಾಣವನ್ನು ಹೊಸ ಹೋಸ್ಟಿಂಗ್ ಸಂಸ್ಥೆಗೆ ವರ್ಗಾಯಿಸಿದ ಮೇಲೆ ಹಳೆಯ ಯಂತ್ರದ ಹೆಸರೇ ಪಟ್ಟಿಯಲ್ಲಿ ಉಳಿದಿರುವುದು ಮತ್ತೊಂದು. ಗುಪ್ತಪದದ ತೊಡಕೂ ಉಂಟು. ಗೂಗಲ್ ಸಂಸ್ಥೆಯು 2022ರ ಮೇ ತಿಂಗಳ ಕೊನೆಯಿಂದ, ಬರಿಯ ಹೆಸರು ಮತ್ತು ಗುಪ್ತಪದಗಳಿಂದ ಹೊರಗಣ ತಂತ್ರಾಂಶಗಳು ಖಾಸಗಿ ಜಿಮೇಲ್ ಖಾತೆಯನ್ನು ಪ್ರವೇಶಿಸುವುದನ್ನು ನಿಲ್ಲಿಸಿತು. ಅಂಥ ಖಾತೆಯ ಮೂಲಕ ಪತ್ರ ಕಳುಹಿಸುತ್ತಿದ್ದ ನಮೂನೆಗಳು, ಯಾರೂ ಮುಟ್ಟದಿದ್ದರೂ, ಮೂಕವಾದವು.

ಮತ್ತೊಂದು ದೋಷ ವಿಶೇಷವಾಗಿ ಗಮನಾರ್ಹ. ಸಂಸ್ಥೆಯ ಜಾಲತಾಣ ಒಂದು ಕಡೆ, ಇ-ಮೇಲ್ ಪೆಟ್ಟಿಗೆಗಳು ಮತ್ತೊಂದು ಕಡೆ ಇರುವುದು ಇಂದು ವಾಡಿಕೆ. ಆದರೆ ಜಾಲತಾಣದ ಯಂತ್ರವು ಆ ಡೊಮೇನಿನ ಅಂಚೆಯೆಲ್ಲ ತನ್ನದೇ ಎಂದು ಭಾವಿಸಿದ್ದರೆ, ವಿಳಾಸಕೋಶವನ್ನು ವಿಚಾರಿಸುವುದೇ ಇಲ್ಲ. ಪತ್ರವನ್ನು ತನ್ನೊಳಗಿನ ಪೆಟ್ಟಿಗೆಯೊಂದಕ್ಕೆ ಹಾಕಿಕೊಂಡು ಕೆಲಸ ಮುಗಿಯಿತೆಂದು ಬರೆಯುತ್ತದೆ. ಹೊರಗಿನವರು ನೇರವಾಗಿ ಬರೆದ ಇ-ಮೇಲ್‌ಗಳು ಬರುತ್ತವೆ. ನಮೂನೆಯವು ಮಾತ್ರ ಬರುವುದಿಲ್ಲ. ಹೋಸ್ಟಿಂಗ್ ಸಿದ್ಧತೆಯಲ್ಲಿ ‘ಲೋಕಲ್’ ಎಂದಿರುವುದನ್ನು ‘ರಿಮೋಟ್’ ಎಂದು ಬದಲಿಸುವುದೇ ಇದಕ್ಕೆ ಮದ್ದು.

ಮುಂಜಾಗ್ರತೆ

ರೋಗ ಬಂದ ಮೇಲಣ ಚಿಕಿತ್ಸೆಗಿಂತ ಪಥ್ಯ ಲೇಸು. ನಮೂನೆಗೆ ಬಂದ ಪ್ರತಿಯೊಂದು ಒಕ್ಕಣೆಯೂ, ಇ-ಮೇಲಾಗಿ ಹೊರಡುವ ಮುನ್ನವೇ, ಜಾಲತಾಣದ ದತ್ತಸಂಗ್ರಹದಲ್ಲಿ ದಾಖಲಾಗಬೇಕು; ಕಚೇರಿಯ ಆವಕ ವಹಿಯಂತೆ ಇದು ಕಡೆಯ ಆಸರೆ. ಅದನ್ನು ಬೇಕಾದವರು ಮಾತ್ರ ನೋಡುವಂತಿರಬೇಕು ಮತ್ತು ಅನವಶ್ಯಕವಾದ ಹಳೆಯ ದಾಖಲೆಗಳನ್ನು ಕಾಲಕಾಲಕ್ಕೆ ಅಳಿಸಬೇಕು. ಸರ್ವರ್ ತಾನಾಗಿ ಕಳುಹಿಸುವುದಕ್ಕಿಂತ, ಗುಪ್ತಪದದಿಂದ ಗುರುತು ಸಾಬೀತುಪಡಿಸಿ 587ನೆಯ ದ್ವಾರದ ಮೂಲಕ ಸಂಸ್ಥೆಯ ಇ-ಮೇಲ್ ಸೇವೆಯಿಂದಲೇ ಪತ್ರ ಹೊರಡುವ ಏರ್ಪಾಡು ಉತ್ತಮ. ಸ್ವೀಕರಿಸುವ ವಿಳಾಸವು ವ್ಯಕ್ತಿಯದಾಗಿರದೆ ಕಚೇರಿಯದಾಗಿರಬೇಕು. ಇಬ್ಬರಾದರೂ ಅದನ್ನು ನೋಡುವಂತಿರಬೇಕು. ಡಿಮಾರ್ಕ್ ವಿಧಿಯನ್ನು ಮೊದಲು ವರದಿಗಷ್ಟೇ ಸೀಮಿತಗೊಳಿಸಿ, ಎಲ್ಲ ಪತ್ರಗಳೂ ಹೊಂದುತ್ತಿವೆಯೆಂದು ಖಚಿತವಾದ ಬಳಿಕ ಬಿಗಿಗೊಳಿಸಬೇಕು. ನಮೂನೆಯಲ್ಲಿ ತುಂಬಿದ ಯಾವುದೇ ವಿಳಾಸಕ್ಕೆ ಒಕ್ಕಣೆಯ ಪ್ರತಿಯನ್ನು ತಾನಾಗಿ ಕಳುಹಿಸುವ ಏರ್ಪಾಡನ್ನು ಬಿಡುವುದು ವಿಹಿತ. ವಂಚಕರು ಅದನ್ನು ಪರರ ಪೆಟ್ಟಿಗೆಗೆ ಕಸ ಸುರಿಯಲು ಬಳಸುತ್ತಾರೆ, ಶಾಲೆಯ ಹೆಸರು ಕೆಡುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿ ತಿಂಗಳ ಮೊದಲ ದಿನ ಹೊರಗಣ ವಿಳಾಸವೊಂದನ್ನು ತುಂಬಿ ಪರೀಕ್ಷಾಪತ್ರವನ್ನು ಕಳುಹಿಸಿ, ಅದು ಬಂದು ಸೇರಿತೆಂದು ವಹಿಯಲ್ಲಿ ರುಜು ಹಾಕುವ ಹೊಣೆಯನ್ನು ಒಬ್ಬರಿಗೆ ವಹಿಸಬೇಕು. ಹತ್ತು ನಿಮಿಷಗಳ ಈ ಕೆಲಸಕ್ಕೆ ಖರ್ಚಿಲ್ಲ. ಡೊಮೇನಿನ ನವೀಕರಣದ ದಿನಾಂಕವನ್ನೂ ಅದೇ ವಹಿಯಲ್ಲಿ ಬರೆದಿಡುವುದು ಕ್ಷೇಮ. ಅದು ತಪ್ಪಿದರೆ ಜಾಲತಾಣವೂ ಇ-ಮೇಲೂ ಏಕಕಾಲಕ್ಕೆ ನಿಲ್ಲುತ್ತವೆ.

ಆರಂಭದಲ್ಲಿ ಕಲ್ಪಿಸಿದ ನಿದರ್ಶನಕ್ಕೆ ಮರಳಿದರೆ, ಆ ಶಾಲೆಯವರು ಈ ಕ್ರಮವನ್ನು ಅನುಸರಿಸಿ ಶೋಧಿಸಿದರೆನ್ನೋಣ. ಪತ್ರಗಳು ನಾಶವಾಗಿರಲಿಲ್ಲ, ಜಾಲತಾಣದ ಯಂತ್ರದೊಳಗಿನ, ಯಾರೂ ತೆರೆಯದ ಪೆಟ್ಟಿಗೆಯಲ್ಲಿ ಸಾಲಾಗಿ ಬಿದ್ದಿದ್ದವು. ಪ್ರವೇಶ ಕೇಳಿದ ಪೋಷಕರದು, ಅಂಕಪಟ್ಟಿ ಕೇಳಿದ ತರುಣಿಯದು, ತಂದೆಯ ಹೆಸರಿನಲ್ಲಿ ಬಹುಮಾನ ಇಡಬಯಸಿದವನದು. ಸಿದ್ಧತೆಯ ಒಂದು ಪದವನ್ನು ಬದಲಿಸಿದರೆ ಯಂತ್ರದ ದೋಷ ನೀಗುತ್ತದೆ. ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಆ ಪತ್ರಗಳನ್ನು ಒಂದೊಂದಾಗಿ ಓದಿ, ತಡವಾದುದಕ್ಕೆ ಕ್ಷಮೆ ಕೋರಿ, ಕಾರಣವನ್ನು ಮರೆಮಾಚದೆ ತಿಳಿಸಿ, ಪ್ರತಿಯೊಬ್ಬರಿಗೂ ಉತ್ತರ ಬರೆಯಬೇಕು. ಕೆಲವರ ಅಗತ್ಯದ ಕಾಲ ಮೀರಿರಬಹುದು, ಆದರೂ ಬರೆಯಬೇಕು. ತನ್ನನ್ನು ಯಾರೂ ಅಲಕ್ಷಿಸಲಿಲ್ಲ, ಪತ್ರವೇ ಮುಟ್ಟಿರಲಿಲ್ಲ ಎಂದು ತಿಳಿದಾಗ, ದೂರದಲ್ಲಿರುವ ಆ ಹಳೆಯ ವಿದ್ಯಾರ್ಥಿಯ ಮನಸ್ಸಿನಲ್ಲಿ ಶಾಲೆಯು ಮತ್ತೆ ತನ್ನ ಸ್ಥಾನವನ್ನು ಪಡೆಯುತ್ತದೆ.